ಬಿಸಿ ಮಾಡಿದರೆ ಕೋನವೂ ಹಿಗ್ಗುತ್ತದಾ? ಮೂರು ಲೆಕ್ಕ ಸಿಕ್ಕಿಹಾಕಿಕೊಂಡಿವೆ

ಜಗಲಿ_ಟ್ಯೂಷನ್ (ರಾಣೆಬೆನ್ನೂರು):

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಬಿಎಸ್ಸಿ ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ). ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಫಿಸಿಕ್ಸ್ ಮಾತ್ರ ಪಿಯುಸಿಗೇ ಮುಗಿಯಿತು. ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಆ ಮಕ್ಕಳೇ ಈಗ ಫಸ್ಟ್ ಪಿಯುಸಿ ಸೈನ್ಸ್ ಸೇರಿ "ಅಕ್ಕಾ, ಇದೊಂದು ಲೆಕ್ಕ ನೋಡಿ" ಅಂತ ಬಂದು ಕೂರುತ್ತಾರೆ. ಹತ್ತರ ತನಕ ಕನ್ನಡ ಮೀಡಿಯಂ, ಈಗ ಒಮ್ಮೆಲೇ ಇಂಗ್ಲಿಷ್ ಪುಸ್ತಕ. ಪ್ರಶ್ನೆ ಏನು ಕೇಳಿದೆ ಅಂತ ಬಿಡಿಸುವುದರಲ್ಲೇ ಅರ್ಧ ಸಂಜೆ ಹೋಗುತ್ತದೆ. ಬೈಯಲಿಕ್ಕೂ ಮನಸ್ಸು ಬರುವುದಿಲ್ಲ.

ಈ ವಾರ ಉಷ್ಣ ವ್ಯಾಕೋಚನ. ಹೋಂವರ್ಕಿನಲ್ಲಿ ಮೂರು ಲೆಕ್ಕ, ಮೂರರಲ್ಲೂ ಕೋನ ಬರುತ್ತದೆ. ಪುಸ್ತಕದ ಪಟ್ಟಿಯಂತೆ ಕಬ್ಬಿಣದ ಆಲ್ಫಾ (ಒಂದು ಡಿಗ್ರಿ ಬಿಸಿ ಏರಿದರೆ ಉದ್ದ ಎಷ್ಟು ಪಾಲು ಹಿಗ್ಗುತ್ತದೆ ಅನ್ನುವ ಸಂಖ್ಯೆ) 1.2 × 10⁻⁵, ಅಲ್ಯೂಮಿನಿಯಂದು 2.5 × 10⁻⁵.

ಮೊದಲನೆಯದು ಕಬ್ಬಿಣದ ಉಂಗುರ. ತ್ರಿಜ್ಯ 5 ಸೆಂ.ಮೀ. ಒಂದು ಕಡೆ ಕತ್ತರಿಸಿ ಸಂದು ಬಿಟ್ಟಿದ್ದಾರೆ. ಆ ಸಂದು ಕೇಂದ್ರದಲ್ಲಿ 20 ಡಿಗ್ರಿ ಕೋನ ಮಾಡುತ್ತದೆ. 200 ಡಿಗ್ರಿ ಬಿಸಿ ಏರಿಸಿದರೆ ಆ ಕೋನ ಎಷ್ಟಾಗುತ್ತದೆ? ಒಬ್ಬ ಹುಡುಗ "ಕಬ್ಬಿಣ ಹಿಗ್ಗಿ ಸಂದಿನೊಳಗೆ ಬರುತ್ತೆ, ಕೋನ ಕಮ್ಮಿ ಆಗುತ್ತೆ" ಅನ್ನುತ್ತಾನೆ. ಇನ್ನೊಬ್ಬಳು "ಎಲ್ಲಾ ಹಿಗ್ಗಿದ ಮೇಲೆ ಕೋನವೂ ಹಿಗ್ಗಬೇಕು ಅಲ್ವಾ?" ಅನ್ನುತ್ತಾಳೆ.

ಎರಡನೆಯದರಲ್ಲಿ ಒಂದೊಂದು ಮೀಟರಿನ ಮೂರು ಸರಳು ಸೇರಿಸಿ ಸಮಬಾಹು ತ್ರಿಕೋನ ಮಾಡಿದ್ದಾರೆ. ತಳ ಅಲ್ಯೂಮಿನಿಯಂ, ಎರಡು ಬದಿ ಕಬ್ಬಿಣ. 100 ಡಿಗ್ರಿ ಏರಿಸಿದರೆ ಮೇಲಿನ ಕೋನ ಎಷ್ಟು? ಇದಕ್ಕೆ ನನ್ನ ಜಗಲಿಯಲ್ಲೇ ಮೂರು ಉತ್ತರ ಬಂದಿವೆ. 60.086, 60.13 ಮತ್ತು 60.0015. ಮೂವರೂ ಸ್ಟೆಪ್ಸ್ ನೀಟಾಗಿ ಬರೆದಿದ್ದಾರೆ.

ಮೂರನೆಯದು 13 ಮೀಟರ್ ರೈಲು ಹಳಿ. ಎರಡೂ ತುದಿ ಅಲುಗಾಡದ ಹಾಗೆ ಬಿಗಿದಿದ್ದಾರೆ. 30 ಡಿಗ್ರಿ ಬಿಸಿ ಏರಿದಾಗ ಹಳಿ ನಡುವೆ ಮುರಿದ ಹಾಗೆ ಮೇಲೆದ್ದು ಎರಡು ನೇರ ತುಂಡಾಗಿ ನಿಂತರೆ, ನಡುವಿನ ಎತ್ತರ ಎಷ್ಟು, ತುದಿಯಲ್ಲಿ ಕೋನ ಎಷ್ಟು? ಹಿಗ್ಗಿದ್ದು 4.7 ಮಿ.ಮೀ. ಅಷ್ಟೇ. ಆದರೆ ಎತ್ತರ 17 ಸೆಂ.ಮೀ. ಮೀರಿ ಬರುತ್ತಿದೆ. ಇದನ್ನು ನಂಬುವುದು ಹೇಗೆ? ಎರಡನೇ ಲೆಕ್ಕದಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗವೂ ಬದಲಾಗದ ಕೋನ ಇಲ್ಲಿ ಯಾಕೆ ಹೀಗೆ ಹಾರುತ್ತದೆ?

ಉತ್ತರ ಪುಸ್ತಕದ ಹಿಂದೆ ಇದೆ. ನನಗೆ ಬೇಕಿರುವುದು ಮಕ್ಕಳಿಗೆ ಹೇಳುವ ದಾರಿ.

ಪಿಸಿಎಂಬಿ_ಹುಡುಗ:

ಅಕ್ಕಾ, ಎರಡನೆಯದಕ್ಕೆ ಡೈರೆಕ್ಟ್ ಫಾರ್ಮುಲಾ ಇದೆ.

ಕೋನದ ಬದಲಾವಣೆ = 2 × ಟ್ಯಾನ್(ಕೋನದ ಅರ್ಧ) × (ತಳದ ಆಲ್ಫಾ − ಬದಿಯ ಆಲ್ಫಾ) × ಏರಿದ ತಾಪ

60 ಹಾಕಿದರೆ 0.0015. ಸಿಇಟಿಗೆ ಇಷ್ಟು ಸಾಕು. ಮೂರನೆಯದಕ್ಕೂ ಇದನ್ನೇ ಹಾಕಿ ನೋಡಿದೆ. ಅಲ್ಲಿ ಕೋನ 180, ಅರ್ಧ 90. ಕ್ಯಾಲ್ಕುಲೇಟರ್ ಎರರ್ ತೋರಿಸಿತು.

ತಿಪಟೂರು_ಮೇಷ್ಟ್ರು:

ತಮ್ಮಾ, ಆ ಎರರ್ ಇದೆಯಲ್ಲ, ಈ ಇಡೀ ಚರ್ಚೆಯಲ್ಲಿ ಅದೇ ಒಳ್ಳೆಯ ಮಾತು. ಅದಕ್ಕೆ ಆಮೇಲೆ ಬರೋಣ.

ತಂಗೀ, ಮಕ್ಕಳಿಗೆ ಮೊದಲು ಒಂದು ವಿಷಯ ತಲೆಗೆ ಹೋಗಬೇಕು. ಹಿಗ್ಗುವುದು ಉದ್ದ. ಕೋನ ತಾನಾಗಿ ಹಿಗ್ಗುವುದಿಲ್ಲ. ಕೋನ ನಿಂತಿರುವುದು ಉದ್ದಗಳ ಅನುಪಾತದ ಮೇಲೆ. ಎಲ್ಲಾ ಉದ್ದವೂ ಒಂದೇ ಪ್ರಮಾಣದಲ್ಲಿ ಹಿಗ್ಗಿದರೆ ಅನುಪಾತ ಹಾಗೇ ಉಳಿಯುತ್ತದೆ, ಕೋನವೂ ಹಾಗೇ ಉಳಿಯುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಚಿತ್ರ ದೊಡ್ಡದು ಮಾಡಿಸಿದರೆ ತ್ರಿಕೋನದ ಮೂಲೆ ಬದಲಾಗುತ್ತದಾ? ಇಲ್ಲ. ಒಂದೇ ಲೋಹ, ಎಲ್ಲಾ ಕಡೆ ಒಂದೇ ಬಿಸಿ ಅಂದರೆ ಅದೇ ಕತೆ.

ಹಾಗಾಗಿ ಉಂಗುರದ ಉತ್ತರ 20 ಡಿಗ್ರಿ. ಮೊದಲೂ 20, ಆಮೇಲೂ 20. ಕಬ್ಬಿಣ ಸಂದಿನೊಳಗೆ ನುಗ್ಗುತ್ತದೆ ಅನ್ನುವ ಹುಡುಗನಿಗೆ ಹೀಗೆ ಹೇಳಿ. ಕತ್ತರಿಸದ ಇಡೀ ಉಂಗುರ ತೆಗೆದುಕೋ. ಅದರ ಮೇಲೆ 20 ಡಿಗ್ರಿ ದೂರದಲ್ಲಿ ಎರಡು ಗೆರೆ ಎಳಿ. ಬಿಸಿ ಮಾಡು. ಗೆರೆಗಳ ನಡುವಿನ ತುಂಡು ದೊಡ್ಡದಾಗುತ್ತದೆ, ಇಡೀ ಉಂಗುರವೂ ದೊಡ್ಡದಾಗುತ್ತದೆ. ಈಗ ಬಿಸಿ ಇರುವಾಗಲೇ ಆ ತುಂಡು ಕತ್ತರಿಸಿ ತೆಗಿ. ಉಳಿದ ಉಂಗುರಕ್ಕೆ ಅದರಿಂದ ಏನೂ ಆಗಲಿಲ್ಲ. ಅಲ್ಲಿ ಉಳಿದ ಸಂದು ಆ ಹಿಗ್ಗಿದ ತುಂಡಿನ ಅಳತೆಯದೇ. ಅಂದರೆ ಸಂದಿನ ಅಗಲ ಜಾಸ್ತಿ ಆಗಿದೆ, ಕೋನ ಅಷ್ಟೇ ಇದೆ. ಅಗಲ ಲೆಕ್ಕ ಹಾಕಿಸಿ. ಸಂದಿನ ಕಂಸ ಸುಮಾರು 17.45 ಮಿ.ಮೀ., ಅದು 0.042 ಮಿ.ಮೀ. ಹಿಗ್ಗುತ್ತದೆ.

ನಾನು ಕಾಲೇಜಿನಲ್ಲಿದ್ದಾಗ ಈ ಪ್ರಶ್ನೆ ಕೊಟ್ಟರೆ, ಗಣಿತದಲ್ಲಿ ಜೋರಾಗಿದ್ದವರೇ ಜಾಸ್ತಿ ತಪ್ಪು ಮಾಡುತ್ತಿದ್ದರು. ಪೆನ್ನು ತೆಗೆದು ಏನೋ ಒಂದು ಗುಣಾಕಾರ ಮಾಡಲೇಬೇಕು ಅವರಿಗೆ.

ಈಗ ತ್ರಿಕೋನ. ಇಲ್ಲಿ ತಳ ಬೇರೆ ಲೋಹ, ಬದಿ ಬೇರೆ ಲೋಹ. ಅನುಪಾತ ಬದಲಾಗುತ್ತದೆ, ಕೋನವೂ ಬದಲಾಗುತ್ತದೆ. ಕೊಸೈನ್ ನಿಯಮ ಬೇಡ, ಆ ಫಾರ್ಮುಲಾನೂ ಬೇಡ. ತುದಿಯಿಂದ ತಳದ ನಡುವಿಗೆ ಒಂದು ಗೆರೆ ಎಳೆದರೆ ಲಂಬಕೋನ ತ್ರಿಕೋನ ಸಿಗುತ್ತದೆ. ಮೇಲಿನ ಕೋನದ ಅರ್ಧದ ಸೈನ್ ಅಂದರೆ ತಳದ ಅರ್ಧವನ್ನು ಬದಿಯಿಂದ ಭಾಗಿಸಿದ್ದು. ಮೊದಲು ಅದು 0.5. ತಳ 0.0025 ಪಾಲು ಹಿಗ್ಗಿತು, ಬದಿ 0.0012 ಪಾಲು. ಅನುಪಾತ ಹೆಚ್ಚಾದದ್ದು ಅವೆರಡರ ವ್ಯತ್ಯಾಸ, 0.0013 ಪಾಲು. ಆದ್ದರಿಂದ ಈಗಿನ ಸೈನ್ 0.5 × 1.0013 = 0.50065. ಸೈನ್ ಇನ್‌ವರ್ಸ್ ಒತ್ತಿದರೆ 30.043. ಎರಡರಷ್ಟು ಮಾಡಿದರೆ 60.086 ಡಿಗ್ರಿ. ಮುಗಿಯಿತು.

60.13 ಬರೆದ ಹುಡುಗನ ಪುಸ್ತಕ ತೆಗೆದು ನೋಡಿ. 1.0012 ಅನ್ನು 1.001 ಅಂತಲೂ 1.0025 ಅನ್ನು 1.003 ಅಂತಲೂ ಬರೆದಿರಬೇಕು. ವ್ಯತ್ಯಾಸ 0.0013 ಇದ್ದದ್ದು 0.002 ಆಯಿತು. ಉತ್ತರದಲ್ಲಿ ಬದಲಾವಣೆ ಒಂದೂವರೆ ಪಟ್ಟು. ಈ ಪಾಠದಲ್ಲಿ ಬೆಲೆ ಇರುವುದೆಲ್ಲ ಆ ಕೊನೆಯ ಅಂಕಿಗಳಲ್ಲೇ. ಅದನ್ನೇ ಹಾರಿಸಿದರೆ ಇನ್ನೇನು ಉಳಿಯಿತು? ದೊಡ್ಡ 1 ಅನ್ನು ಹೊತ್ತುಕೊಂಡು ತಿರುಗಬೇಡಿ, ಬದಲಾದದ್ದನ್ನು ಮಾತ್ರ ಹಿಡಿದುಕೊಂಡು ಹೋಗಿ ಅಂತ ಹೇಳಿ.

60.0015 ಬರೆದವರದು ಬೇರೆ ಸಮಸ್ಯೆ. 0.0015 ಅನ್ನುವುದು ರೇಡಿಯನ್ನಿನಲ್ಲಿ (ಒಂದು ರೇಡಿಯನ್ ಅಂದರೆ ಸುಮಾರು 57.3 ಡಿಗ್ರಿ) ಸರಿಯಾಗೇ ಇದೆ. ಅದನ್ನು ಡಿಗ್ರಿಗೆ ಹಾಗೇ ಕೂಡಿಸಿದ್ದಾರೆ. 57.3ರಿಂದ ಗುಣಿಸಿದರೆ 0.086. ತಮ್ಮನ ಫಾರ್ಮುಲಾದಲ್ಲೂ ಇದೇ ಅಪಾಯ ಕೂತಿದೆ. ಒಂದು ಪರೀಕ್ಷೆ ಮಾಡಿಸಿ. ಬದಿ ಒಂದು ಮೀಟರ್. 0.0015 ರೇಡಿಯನ್ ಅಂದರೆ ಒಂದು ಮೀಟರ್ ದೂರದಲ್ಲಿ ಒಂದೂವರೆ ಮಿ.ಮೀ. ಸರಿತ. ತಳ ಹಿಗ್ಗಿದ್ದು 2.5 ಮಿ.ಮೀ. ಎರಡೂ ಹತ್ತಿರ ಹತ್ತಿರ ಇವೆ, ನಂಬಬಹುದು. 0.0015 ಡಿಗ್ರಿ ಆಗಿದ್ದರೆ ಆ ಸರಿತ 0.026 ಮಿ.ಮೀ. ತಳ ಎರಡೂವರೆ ಮಿಲಿಮೀಟರ್ ಬೆಳೆದು ಕೋನ ಅಷ್ಟೇ ಅಲುಗಿತು ಅಂದರೆ ಯಾರು ನಂಬುತ್ತಾರೆ?

ಕೆಳಗಿನ ಎರಡು ಕೋನ ತಲಾ 0.043 ಡಿಗ್ರಿ ಇಳಿಯುತ್ತವೆ. ಒಟ್ಟು 180 ಬರಬೇಕಲ್ಲ.

ಇನ್ನು ಹಳಿ, ಮತ್ತು ತಮ್ಮನ ಎರರ್. ಇದೂ ತ್ರಿಕೋನವೇ. ತಳ ಅಂದರೆ ತುದಿಗಳ ನಡುವಿನ ನೆಲ. ಅದು ಹಿಗ್ಗುವುದಿಲ್ಲ ಅಂತ ಲೆಕ್ಕವೇ ಹೇಳಿದೆ, ತಳದ ಆಲ್ಫಾ ಸೊನ್ನೆ. ಬದಿಗಳು ಹಳಿಯ ಎರಡು ಅರ್ಧ. ಶುರುವಿನಲ್ಲಿ ತ್ರಿಕೋನ ಪೂರ್ತಿ ಚಪ್ಪಟೆ, ಮೇಲಿನ ಕೋನ 180. ಫಾರ್ಮುಲಾದ ಟ್ಯಾನ್ 90ಕ್ಕೆ ಬೆಲೆಯೇ ಇಲ್ಲ. ಬದಲಾವಣೆ ಚಿಕ್ಕದಿರುತ್ತದೆ ಅಂದುಕೊಂಡು ಮಾಡಿದ ಫಾರ್ಮುಲಾ ಅದು. ಚಪ್ಪಟೆ ತ್ರಿಕೋನದಲ್ಲಿ ಬದಲಾವಣೆ ಚಿಕ್ಕದಿರುವುದಿಲ್ಲ. "ನನ್ನನ್ನು ಇಲ್ಲಿ ಬಳಸಬೇಡ" ಅಂತ ಫಾರ್ಮುಲಾನೇ ಕೂಗಿ ಹೇಳುತ್ತಿದೆ.

ಆಗ ಪೈಥಾಗರಸ್ ಹಿಡಿಯಬೇಕು. ಅರ್ಧ ಹಳಿ 6.5 ಮೀ. ಹಿಗ್ಗಿದ ಮೇಲೆ 6.50234 ಮೀ. ಎತ್ತರದ ವರ್ಗ ಅಂದರೆ ಇವೆರಡರ ವರ್ಗಗಳ ವ್ಯತ್ಯಾಸ. ಅದನ್ನು ನೇರ ಕಳೆಯಲು ಹೋಗದೆ (ವ್ಯತ್ಯಾಸ × ಮೊತ್ತ) ಅಂತ ಬರೆಸಿ. 0.00234 × 13.00234 = 0.0304. ವರ್ಗಮೂಲ 0.174 ಮೀ. ಅಂದರೆ 17.4 ಸೆಂ.ಮೀ. ತುದಿಯ ಕೋನ ಸುಮಾರು 1.54 ಡಿಗ್ರಿ.

ಗುಟ್ಟು ಇರುವುದು ಆ ವರ್ಗಮೂಲದಲ್ಲಿ. ಒಂದಕ್ಕಿಂತ ಚಿಕ್ಕ ಸಂಖ್ಯೆಯ ವರ್ಗಮೂಲ ತೆಗೆದರೆ ಅದು ದೊಡ್ಡದಾಗುತ್ತದೆ. ಹತ್ತು ಸಾವಿರದಲ್ಲಿ ಒಂದರ ವರ್ಗಮೂಲ ನೂರರಲ್ಲಿ ಒಂದು. ಅದಕ್ಕೇ ಮಿಲಿಮೀಟರ್ ಹೋಗಿ ಗೇಣುದ್ದ ಬಂತು. ನಂಬಿಕೆ ಬರದಿದ್ದರೆ ಪ್ಲಾಸ್ಟಿಕ್ ಸ್ಕೇಲನ್ನು ಎರಡು ಇಟ್ಟಿಗೆಯ ನಡುವೆ ನಿಲ್ಲಿಸಿ, ಒಂದು ಇಟ್ಟಿಗೆಯನ್ನು ಒಂದೇ ಒಂದು ಮಿಲಿಮೀಟರ್ ಒಳಗೆ ತಳ್ಳಿಸಿ. ನಡುವೆ ಎಷ್ಟು ಉಬ್ಬುತ್ತದೆ ಅಂತ ಮಕ್ಕಳೇ ಅಳೆಯಲಿ.

ಹಳಿ_ಕೆಲಸ_ಹುಬ್ಬಳ್ಳಿ:

ಅಕ್ಕಾರೆ, ಲೆಕ್ಕ ಸರಿ. ಆದರೆ ಹಳಿ ಹಾಗೆ ಗುಡಿಸಲಿನ ಥರ ಮೇಲೇಳುವುದಿಲ್ಲ ಅಂತ ಮಕ್ಕಳಿಗೆ ಹೇಳಿ. ಹಳಿ ಭಾರ, ಕಾಂಕ್ರೀಟ್ ಸ್ಲೀಪರ್ ಭಾರ, ಸುತ್ತ ಜಲ್ಲಿ. ಬಕಲ್ ಆದರೆ ಸಾಮಾನ್ಯವಾಗಿ ಪಕ್ಕಕ್ಕೆ ಹಾವಿನ ಹಾಗೆ ಸೊಟ್ಟಗಾಗುತ್ತದೆ. ಅದಕ್ಕೇ ಸ್ಲೀಪರಿನ ಎರಡು ತುದಿಗೂ ಜಲ್ಲಿ ತುಂಬಿಸಿ ಹೆಗಲು ಕಟ್ಟಿರುತ್ತೇವೆ.

13 ಮೀಟರ್ ತುಂಡು, ನಡುವೆ ಸಂದು, ಫಿಶ್‌ಪ್ಲೇಟ್ (ಎರಡು ಹಳಿ ಜೋಡಿಸುವ ಪಟ್ಟಿ), ಇದೆಲ್ಲ ಹಳೇ ಪದ್ಧತಿ. ಈಗ ಕಿಲೋಮೀಟರ್‌ಗಟ್ಟಲೆ ಬೆಸುಗೆ ಹಾಕಿದ ಹಳಿ. ಸಂದೇ ಇಲ್ಲ. "ಹಾಗಾದರೆ ಹಿಗ್ಗಿದ್ದು ಎಲ್ಲಿಗೆ ಹೋಗುತ್ತೆ?" ಅಂತ ನನ್ನ ಮಗನೂ ಕೇಳಿದ್ದ. ಎಲ್ಲಿಗೂ ಹೋಗುವುದಿಲ್ಲ. ಹಿಗ್ಗಲು ಬಿಡುವುದಿಲ್ಲ, ಒಳಗೇ ಒತ್ತಡ ಆಗಿ ಕೂರುತ್ತದೆ. ನಿಮ್ಮ 30 ಡಿಗ್ರಿಗೆ ಲೆಕ್ಕ ಹಾಕಿ. ಉಕ್ಕಿನ ಯಂಗ್ ಗುಣಾಂಕ (ಎಳೆತ, ಒತ್ತಡಕ್ಕೆ ಲೋಹ ಎಷ್ಟು ಬಗ್ಗದೆ ನಿಲ್ಲುತ್ತದೆ ಅನ್ನುವ ಅಳತೆ) 2 × 10¹¹, ಅದಕ್ಕೆ ಆಲ್ಫಾ, ಅದಕ್ಕೆ 30. 7.2 × 10⁷ ಪ್ಯಾಸ್ಕಲ್. ಮೀಟರಿಗೆ 60 ಕಿಲೋ ತೂಗುವ ಹಳಿಯ ಅಡ್ಡಕೊಯ್ತ ಸುಮಾರು 77 ಚದರ ಸೆಂ.ಮೀ. ಗುಣಿಸಿದರೆ ಒಂದೊಂದು ಹಳಿಗೂ 55 ಟನ್ ಮೇಲೆ ಒತ್ತುತ್ತದೆ. ಇದರಲ್ಲಿ ಹಳಿಯ ಉದ್ದ ಬರಲೇ ಇಲ್ಲ, ನೋಡಿದಿರಾ? 13 ಮೀಟರಿಗೂ ಅಷ್ಟೇ, 13 ಕಿಲೋಮೀಟರಿಗೂ ಅಷ್ಟೇ.

ಅದಕ್ಕೇ ಹಳಿ ಬಿಗಿಯುವಾಗ ತೀರಾ ಚಳಿಯಲ್ಲೂ ಅಲ್ಲ, ತೀರಾ ಬಿಸಿಲಲ್ಲೂ ಅಲ್ಲ, ನಡುವಿನ ಒಂದು ತಾಪ ನೋಡಿ ಬಿಗಿಯುತ್ತೇವೆ. ಕ್ಲಿಪ್ ಬಿಚ್ಚಿ ಹಳಿಯನ್ನು ಬಿಡುಗಡೆ ಮಾಡಿ ಮತ್ತೆ ಹಾಕುವುದಕ್ಕೆ ಡಿಸ್ಟ್ರೆಸಿಂಗ್ ಅನ್ನುತ್ತಾರೆ. ಬೇಸಿಗೆಯಲ್ಲಿ ಮಧ್ಯಾಹ್ನ ಲೈನ್ ಮೇಲೆ ಗಸ್ತು ಇರುತ್ತದೆ. ಹಳಿಗೆ ಥರ್ಮಾಮೀಟರ್ ಹಚ್ಚಿಯೇ ನೋಡಬೇಕು. ಗಾಳಿ 40 ಇದ್ದರೆ ಹಳಿ 55 ದಾಟಿರುತ್ತದೆ, ಬರಿಗೈಲಿ ಮುಟ್ಟಲಿಕ್ಕಾಗುವುದಿಲ್ಲ.

ಜಗಲಿ_ಟ್ಯೂಷನ್:

ಮೇಷ್ಟ್ರೇ, ಅಣ್ಣಾರೆ, ತುಂಬಾ ಥ್ಯಾಂಕ್ಸ್. ಹುಡುಗನ ಪುಸ್ತಕ ನೋಡಿದೆ. 1.001, 1.003 ಅಂತಲೇ ಇದೆ. ಉಂಗುರಕ್ಕೆ ಗೆರೆ ಎಳೆಯುವ ಮಾತು ಹೇಳಿದ ತಕ್ಷಣ "ಓ..." ಅಂದರು. ಇಟ್ಟಿಗೆ, ಸ್ಕೇಲಿನ ಆಟ ಶುರುವಾಗಿ ಎರಡು ಸ್ಕೇಲ್ ಮುರಿದಿವೆ.

ಈಗ ಅದೇ ಹುಡುಗಿ ಹೊಸದು ತೆಗೆದಿದ್ದಾಳೆ. "ಬಿಸಿಲಿಗೆ ಕೋನಮಾಪಕವೂ ಹಿಗ್ಗುತ್ತಲ್ಲ, ಹಾಗಾದರೆ ಸರ್ವೇಯವರು ಅಳೆಯುವ ಕೋನ ತಪ್ಪಾಗಲ್ವಾ?" ಮೇಷ್ಟ್ರು ಹೇಳಿದ್ದರ ಪ್ರಕಾರ ಆಗಬಾರದು. ಸರಿನಾ?

ಸರ್ವೇ_ಚೈನು:

ನಾನು ಭೂಮಾಪನದವನು, ಇದು ನನ್ನ ಪ್ರಶ್ನೆ. ಹುಡುಗಿಗೆ ಶಭಾಷ್ ಹೇಳಿ.

1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆ ಅಳೆದ. ಭಾರತದ ದೊಡ್ಡ ತ್ರಿಕೋನ ಸರ್ವೇ ಅಲ್ಲಿಂದ ಶುರು. ಪರೀಕ್ಷೆಗೆ ಅಂತ 1804ರಲ್ಲಿ ನಮ್ಮ ಬೆಂಗಳೂರಿನ ಹತ್ತಿರವೂ ಇನ್ನೊಂದು ರೇಖೆ ಅಳೆದ. ಕೆಲಸದಲ್ಲಿ ಎರಡು ಭಾಗ. ಒಂದು ರೇಖೆಯ ಉದ್ದವನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆಯುವುದು. ಆಮೇಲೆ ಥಿಯೋಡೊಲೈಟ್ ಇಟ್ಟು ಕೋನ ಅಳೆಯುತ್ತಾ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಹೋಗುವುದು.

ಬಿಸಿಲು ಕೈಕೊಡುವುದು ಮೊದಲ ಭಾಗದಲ್ಲಿ. ತಾಪ 10 ಡಿಗ್ರಿ ಬದಲಾದರೆ 100 ಅಡಿ ಸರಪಳಿ ಮೂರೂವರೆ ಮಿಲಿಮೀಟರಿಗಿಂತ ತುಸು ಜಾಸ್ತಿ ಹಿಗ್ಗುತ್ತದೆ. ಸಣ್ಣದು ಅನಿಸುತ್ತದೆ. ಏಳೂವರೆ ಮೈಲಿಗೆ ಅದನ್ನೇ ಸುಮಾರು 396 ಸಲ ಹಾಸಬೇಕು. ಒಟ್ಟು ತಪ್ಪು ನಾಲ್ಕೂಮುಕ್ಕಾಲು ಅಡಿ. ಅದಕ್ಕೇ ಸರಪಳಿಯ ಜೊತೆಗೆ ಥರ್ಮಾಮೀಟರ್ ಇಟ್ಟು ತಾಪ ಬರೆದುಕೊಂಡು ತಿದ್ದುಪಡಿ ಹಾಕುತ್ತಿದ್ದರು.

ಕೋನದ ಭಾಗದಲ್ಲಿ ಆ ತೊಂದರೆ ಇಲ್ಲ. ಲ್ಯಾಂಬ್ಟನ್ನನ ಥಿಯೋಡೊಲೈಟಿನ ವೃತ್ತ 36 ಅಂಗುಲ ಅಗಲ. ವೃತ್ತ ಇಡಿಯಾಗಿ ಹಿಗ್ಗಿದರೆ ಗೆರೆಗಳೂ ಅಷ್ಟೇ ದೂರ ಸರಿಯುತ್ತವೆ, ಕೇಂದ್ರದಲ್ಲಿ ಕೋನ ಹಾಗೇ ಇರುತ್ತದೆ. ಮೇಷ್ಟ್ರ ಉಂಗುರವೇ. ಆದರೆ ಒಂದು ಪಕ್ಕಕ್ಕೆ ಮಾತ್ರ ಬಿಸಿಲು ಬಿದ್ದರೆ ಕತೆ ಬೇರೆ. ಒಂದು ಕಡೆ ಜಾಸ್ತಿ ಹಿಗ್ಗಿ ಇನ್ನೊಂದು ಕಡೆ ಕಮ್ಮಿ ಹಿಗ್ಗಿದರೆ ಉಪಕರಣ ವಾಲುತ್ತದೆ, ಕೋನ ತಪ್ಪುತ್ತದೆ. ನಾವು ಈಗಲೂ ಟೋಟಲ್ ಸ್ಟೇಷನ್ (ಕೋನ, ದೂರ ಎರಡನ್ನೂ ಅಳೆಯುವ ಈಗಿನ ಉಪಕರಣ) ಮೇಲೆ ಕೊಡೆ ಹಿಡಿಯುವುದು ಇದಕ್ಕೇ. ನೋಡಿದವರು ನಮಗೆ ಬಿಸಿಲು ತಾಕಬಾರದು ಅಂತ ಹಿಡಿದಿದ್ದಾರೆ ಅಂದುಕೊಳ್ಳುತ್ತಾರೆ. ನಾವು ಬಿಸಿಲಲ್ಲೇ ನಿಂತಿರುತ್ತೇವೆ.

ಪಿಸಿಎಂಬಿ_ಹುಡುಗ:

ಸರ್, ಬೈಮೆಟಲ್ ಪಟ್ಟಿ (ಎರಡು ಲೋಹದ ಪಟ್ಟಿ ಅಂಟಿಸಿದ್ದು) ಬಾಗುವ ಕೋನಕ್ಕೂ ಇದೇ ದಾರಿನಾ? ನಮ್ಮ ಗೈಡಿನಲ್ಲಿ ಬರೀ ಉತ್ತರ ಇದೆ.

ತಿಪಟೂರು_ಮೇಷ್ಟ್ರು:

ಇದೇ ದಾರಿ. ಹಿತ್ತಾಳೆ, ಕಬ್ಬಿಣ ಎರಡೂ ಪಟ್ಟಿ ಒಂದೇ ಕೇಂದ್ರದ ಸುತ್ತ ಬಾಗುತ್ತವೆ, ಕೋನ ಎರಡಕ್ಕೂ ಒಂದೇ. ಹೊರಗಿನ ಹಿತ್ತಾಳೆ ಕಂಸ ಉದ್ದ, ಒಳಗಿನ ಕಬ್ಬಿಣದ ಕಂಸ ಗಿಡ್ಡ. ಉದ್ದಗಳ ವ್ಯತ್ಯಾಸವನ್ನು ಪಟ್ಟಿಗಳ ನಡುಗೆರೆಯ ಅಂತರದಿಂದ ಭಾಗಿಸಿದರೆ ಕೋನ, ರೇಡಿಯನ್ನಿನಲ್ಲಿ. 10 ಸೆಂ.ಮೀ. ಪಟ್ಟಿ, ತಲಾ 1 ಮಿ.ಮೀ. ದಪ್ಪ, 100 ಡಿಗ್ರಿ ಏರಿಕೆ, ಹಿತ್ತಾಳೆಗೆ 1.8 × 10⁻⁵ ಹಾಕು. ವ್ಯತ್ಯಾಸ 0.06 ಮಿ.ಮೀ., ಕೋನ 0.06 ರೇಡಿಯನ್, ಅಂದರೆ ಸುಮಾರು ಮೂರೂವರೆ ಡಿಗ್ರಿ. ಪರೀಕ್ಷೆಗೆ ಇದು ಸಾಕು. ನಿಜವಾದ ಪಟ್ಟಿ ಇಷ್ಟು ಬಾಗುವುದಿಲ್ಲ, ಬಾಗುವಾಗ ಒಂದನ್ನೊಂದು ಹಿಗ್ಗಿಸಿ ಕುಗ್ಗಿಸಿ ಎಳೆದಾಡುತ್ತವೆ. ಎಂಜಿನಿಯರ್ ಟಿಮೊಶೆಂಕೊ 1925ರಲ್ಲಿ ಅದನ್ನೂ ಸೇರಿಸಿ ಲೆಕ್ಕ ಮಾಡಿದ. ಎರಡೂ ಪಟ್ಟಿಯ ದಪ್ಪ, ಗಡಸುತನ ಒಂದೇ ಇದ್ದರೆ ಬಾಗುವುದು ಇದರ ಮುಕ್ಕಾಲು ಪಾಲು.

ಈಗ ನಿನಗೊಂದು. ಅದೇ ಅಲ್ಯೂಮಿನಿಯಂ ತಳ, ಕಬ್ಬಿಣದ ಬದಿ. ಆದರೆ ಸಮಬಾಹು ಅಲ್ಲ. ಬಿಸಿ ಮಾಡಿದಾಗ ಮೇಲಿನ ತುದಿಯ ಎತ್ತರ ಬದಲಾಗಬಾರದು. ತಳ ಬದಿಯ ಎಷ್ಟರಷ್ಟು ಇರಬೇಕು? ಫಾರ್ಮುಲಾ ಹುಡುಕಬೇಡ.

ಪಿಸಿಎಂಬಿ_ಹುಡುಗ:

ಎತ್ತರದ ವರ್ಗ = ಬದಿಯ ವರ್ಗ − ತಳದ ಅರ್ಧದ ವರ್ಗ. ಎರಡೂ ವರ್ಗ ಒಂದೇ ಅಳತೆಯಷ್ಟು ಬೆಳೆದರೆ ಎತ್ತರ ಬದಲಾಗಲ್ಲ. ಬದಿಯ ವರ್ಗ × 1.2 = ತಳದ ಅರ್ಧದ ವರ್ಗ × 2.5. ತಳ ಬದಿಯ 1.386ರಷ್ಟು. ಮೇಲಿನ ಕೋನ 87.7 ಡಿಗ್ರಿ.

ತಿಪಟೂರು_ಮೇಷ್ಟ್ರು:

ಸರಿ. ಈಗ ಲೋಹ ಅದಲುಬದಲು ಮಾಡು. ತಳ ಕಬ್ಬಿಣ, ಬದಿ ಅಲ್ಯೂಮಿನಿಯಂ.

ಪಿಸಿಎಂಬಿ_ಹುಡುಗ:

2.887 ಬಂತು ಸರ್. ತಳ ಎರಡು ಬದಿ ಸೇರಿಸಿದ್ದಕ್ಕಿಂತ ಉದ್ದ ಆಯಿತಲ್ಲ, ತ್ರಿಕೋನವೇ ಆಗಲ್ಲ.

ತಿಪಟೂರು_ಮೇಷ್ಟ್ರು:

ಆಗುವುದಿಲ್ಲ. ಆ ಜೋಡಿಯಲ್ಲಿ ಯಾವ ಅಳತೆ ಇಟ್ಟರೂ ತುದಿ ಮೇಲಕ್ಕೇ ಹೋಗುತ್ತದೆ. ಅದನ್ನೇ ಉತ್ತರ ಅಂತ ಬರಿ.